ಹಿಂಗಾರ ನೋಡಿ ಇನ್ನೊಮ್ಮೆ ಬರೆಯಿರಿ

ನಮಸ್ಕಾರ.

ಮುಳ್ಳೇರಿಯದಿಂದ ನೀವು ಕಳುಹಿಸಿದ ‘ಹೂವಿನ ಸಂಸಾರ’ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ದಾಸವಾಳ ಬಿಡಿಸಿ ಕೇಸರ, ಶಲಾಕೆ (ಅಂಡಾಶಯದ ಮೇಲಿನ ದಂಟು) ತೋರಿಸಿದ ಭಾಗ ಶಾಲಾ ಮಕ್ಕಳಿಗೆ ಹಿಡಿಸೀತು. ಆದರೂ ಈಗಿನ ರೂಪದಲ್ಲಿ ಅಚ್ಚಿಗೆ ಕೊಡಲಾರೆ. ಎರಡು ವಾಕ್ಯಗಳು ಗಂಟಲಲ್ಲಿ ಸಿಕ್ಕಿಕೊಂಡಿವೆ. ಉಳಿದದ್ದರ ತಂಟೆಗೆ ಹೋಗುವುದಿಲ್ಲ.

ಮೊದಲನೆಯದು: ‘ಹಿಂಗಾರದ ತುದಿಯಲ್ಲಿರುವ ಗಂಡುಹೂಗಳು ಕೆಳಗಿನ ಹೆಣ್ಣುಹೂಗಳ ಮೇಲೆ ಪರಾಗ ಸುರಿಸುತ್ತವೆ, ಅಡಿಕೆ ಕಟ್ಟುತ್ತದೆ.’ ಹಿಂಗಾರವೆಂದರೆ ಅಡಿಕೆ ಮರದ ಹೂಗೊಂಚಲು. ವಾಕ್ಯ ಓದಲು ಚಂದ, ಆದರೆ ನಡೆಯುವುದು ಹಾಗಲ್ಲ. ಅಂಗಳ ದಾಟಿದರೆ ಅಡಿಕೆ ತೋಟ ಎಂದು ನೀವೇ ಬರೆದಿದ್ದೀರಿ, ನನಗೆ ಸಿಟ್ಟು ಬಂದದ್ದು ಅದಕ್ಕೇ.

ಒಂದು ಹಿಂಗಾರದಲ್ಲಿ ಗಂಡುಹೂ ಸಾವಿರಗಟ್ಟಲೆ. ಸಣ್ಣವು, ಎಸಳುಗಳ, ಅಂದರೆ ಗೊಂಚಲಿನ ಕವಲುಗಳ, ಉದ್ದಕ್ಕೂ ತುದಿಯವರೆಗೆ ಇರುತ್ತವೆ. ಹೆಣ್ಣುಹೂ ಕೆಲವು ನೂರು ಮಾತ್ರ. ದಪ್ಪಗೆ, ಎಸಳಿನ ಬುಡದಲ್ಲಿ ಕೂತಿರುತ್ತವೆ. ಹಾಳೆ ಬಿದ್ದು ಹಿಂಗಾರ ಬಿಚ್ಚಿಕೊಂಡ ಮೇಲೆ ಮೊದಲು ಅರಳುವುದು ಗಂಡುಹೂ. ದಿನಾ ಒಂದಷ್ಟು ಅರಳಿ ಉದುರುತ್ತವೆ. ಇದು ಮೂರು ನಾಲ್ಕು ವಾರ, ಕೆಲವು ಮರಗಳಲ್ಲಿ ಇನ್ನೂ ಹೆಚ್ಚು ಕಾಲ ನಡೆಯುತ್ತದೆ. ಅವೆಲ್ಲ ಮುಗಿದ ಮೇಲೆಯೇ ಹೆಣ್ಣುಹೂವಿನ ಮೂರು ಸೀಳಿನ ಶಲಾಕಾಗ್ರ (ಶಲಾಕೆಯ ತುದಿ) ಹೊರಗೆ ಕಾಣುವುದು. ಅದು ಪರಾಗ ಹಿಡಿಯುವ ಸ್ಥಿತಿಯಲ್ಲಿರುವುದು ಕೆಲವೇ ದಿನ. ಅಷ್ಟು ಹೊತ್ತಿಗೆ ಅದೇ ಹಿಂಗಾರದಲ್ಲಿ ಸುರಿಸಲು ಪರಾಗ ಉಳಿದಿರುವುದಿಲ್ಲ. ಬರಬೇಕಾದ್ದು ಬೇರೆ ಮರದಿಂದ, ಹೆಚ್ಚಿನಂಶ ಗಾಳಿಯಲ್ಲಿ. ಎಳೆ ನಳ್ಳಿ, ಅಂದರೆ ಅಡಿಕೆಯ ಮಿಡಿ, ಉದುರಿದಾಗಲೆಲ್ಲ ನಾವು ಕೀಟವನ್ನೋ ರೋಗವನ್ನೋ ಬೈಯುತ್ತೇವೆ. ಪರಾಗ ಸಿಗದೆ ಉದುರಿದ್ದೂ ಅದರಲ್ಲಿ ಇರುತ್ತದೆ.

ಊರಿನ ಎತ್ತರದ ತೆಂಗಿನಲ್ಲೂ ಇದೇ ಕ್ರಮ. ಗೆಂದಾಳಿಯಂಥ ಗಿಡ್ಡ ತಳಿಗಳಲ್ಲಿ ಮಾತ್ರ ಗಂಡು ಹೆಣ್ಣು ಎರಡರ ಕಾಲವೂ ಒಂದರ ಮೇಲೊಂದು ಬರುವುದರಿಂದ ತನ್ನದೇ ಪರಾಗ ತಾಗುತ್ತದೆ. ಎತ್ತರ ಮತ್ತು ಗಿಡ್ಡ ತೆಂಗನ್ನು 1932ರಲ್ಲಿ ಸಂಕರ ಮಾಡಿದ್ದು ನಮ್ಮದೇ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ. ಸಂಕರ ಮಾಡುವವರು ತಾಯಿಮರದ ಗಂಡುಹೂಗಳನ್ನೆಲ್ಲ ಅರಳುವ ಮೊದಲೇ ತೆಗೆದು, ಹೆಣ್ಣುಹೂಗಳಿಗೆ ಚೀಲ ಕಟ್ಟಿ, ಆಮೇಲೆ ತಂದೆಮರದ ಪರಾಗ ಹಾಕುತ್ತಾರೆ. ನಿಮ್ಮ ಲೇಖನದಲ್ಲಿ ಎರಡು ಪ್ಯಾರಾ ತಿಂದಿರುವ ‘ದುಂಬಿಯ ಪ್ರೇಮ’ದ ಜಾಗಕ್ಕೆ ಇದು ಬರಲಿ.

ಎರಡನೆಯದು: ‘ಪರಾಗ ಶಲಾಕೆಯೊಳಗೆ ಜಾರಿ ಅಂಡಾಶಯಕ್ಕೆ ಬಿದ್ದು ಬೀಜವಾಗುತ್ತದೆ.’ ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ವಿಜ್ಞಾನ ಲೇಖನದ ಕ್ರಿಯಾಪದಗಳಿಗೆಲ್ಲ ಕೆಂಪು ಗೆರೆ ಎಳೆಯುವ ರೂಢಿಯಿತ್ತು. ಮಾಡಿದ್ದು ಯಾವುದು, ಎಲ್ಲಿ, ಯಾವಾಗ, ಇಷ್ಟಕ್ಕೆ ಉತ್ತರವಿಲ್ಲದ ವಾಕ್ಯ ಅಲ್ಲೇ ಸಾಯುತ್ತಿತ್ತು. ನಿಮ್ಮ ವಾಕ್ಯಕ್ಕೂ ಅದೇ ಗೆರೆ.

‘ಜಾರಿ’: ಜಾರುವುದಿಲ್ಲ. ಪರಾಗದ ಕಣ ಶಲಾಕಾಗ್ರದ ಮೇಲೇ ಉಳಿದು ಮೊಳೆಯುತ್ತದೆ. ಅದರಿಂದ ಹೊರಟ ನಾಳ ಶಲಾಕೆಯ ಮೂಲಕ ಬೆಳೆಯುತ್ತಾ ಅಂಡಾಶಯದೊಳಗಿನ ಅಂಡಕವನ್ನು ತಲುಪುತ್ತದೆ. ಇದನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲೇ ನೋಡಬಹುದು. 100 ಮಿ.ಲೀ. ನೀರಿಗೆ 10 ಗ್ರಾಂ ಸಕ್ಕರೆ ಕರಗಿಸಿ, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಆಗಷ್ಟೇ ಅರಳಿದ ನಿತ್ಯಪುಷ್ಪದ ಪರಾಗ ಉದುರಿಸಿ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನಾಳ ಕಾಣಬೇಕು. ಬರೀ ನೀರು ಹಾಕಿದರೆ ಕಣ ನೀರು ಹೀರಿ ಒಡೆಯುತ್ತದೆ. ಹಳೆಯ ಹೂವಾದರೆ ಮೊಳೆಯುವುದೇ ಅನುಮಾನ. ಹನಿ ಒಣಗದಂತೆ ಮುಚ್ಚಿಡಿ.

‘ಬಿದ್ದು’: ಒಳಗೆ ಹೋಗುವುದು ಕಣವಲ್ಲ. ನಾಳ ಒಯ್ಯುವುದು ಎರಡು ಗಂಡು ಲಿಂಗಾಣುಗಳನ್ನು. ಒಂದು ಅಂಡಾಣುವಿನೊಡನೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಅಂಡಕದ ನಡುವಿನ ಕೋಶದೊಡನೆ ಕೂಡಿ ಭ್ರೂಣಕ್ಕೆ ಆಹಾರವಾಗುವ ಭಾಗವನ್ನು ಬೆಳೆಸುತ್ತದೆ. ಈ ಜೋಡಿ ಕೂಡುವಿಕೆಯನ್ನು 1898ರಲ್ಲಿ ರಷ್ಯದ ಸಸ್ಯವಿಜ್ಞಾನಿ ನವಾಶಿನ್ ತೋರಿಸಿಕೊಟ್ಟರು. ನಾವು ಕುಡಿಯುವ ಎಳನೀರು ಆ ಆಹಾರವೇ, ತೆಂಗಿನ ತಿರುಳೂ ಅದೇ. ಅಡಿಕೆ ಹೋಳಿನ ಬಿಳಿಯ ಭಾಗವೂ ಅದೇ. ಕಂದು ಗೆರೆಗಳು ಬೀಜದ ಸಿಪ್ಪೆ ಒಳಕ್ಕೆ ಮಡಚಿಕೊಂಡದ್ದು.

‘ಬೀಜವಾಗುತ್ತದೆ’: ಬೀಜವಾಗುವುದು ಅಂಡಕ, ಕಾಯಿಯಾಗುವುದು ಅಂಡಾಶಯ. ಒಂದು ಅಂಡಕಕ್ಕೆ ಒಂದು ನಾಳ ಬೇಕು. ಅಡಿಕೆಗೆ ಬೀಜ ಒಂದೇ, ಹಾಗಾಗಿ ಒಂದು ನಾಳ ತಲುಪಿದರೆ ಸಾಕು. ಮುಳ್ಳುಸೌತೆಯೊಳಗೆ ನೂರಾರು ಅಂಡಕಗಳಿರುತ್ತವೆ. ಪರಾಗ ಸಾಲದೆ ಹೋದರೆ ಕಾಯಿ ಒಂದು ತುದಿಯಲ್ಲಿ ಉಬ್ಬಿ, ಇನ್ನೊಂದು ತುದಿಯಲ್ಲಿ ಸೊರಗಿ ಡೊಂಕಾಗುತ್ತದೆ. ನಿಮ್ಮ ಚಪ್ಪರದಲ್ಲೂ ಅಂಥದ್ದು ಇದ್ದೀತು, ಒಂದನ್ನು ಉದ್ದಕ್ಕೆ ಸೀಳಿ ನೋಡಿ: ಸೊರಗಿದ ಕಡೆ ಬೀಜ ಜಳ್ಳು.

ಮುಂದಿನ ಕೆಲಸ ಹೀಗೆ. ಕೈಗೆಟಕುವ ಎತ್ತರದ ಒಂದು ಹಿಂಗಾರ ಆರಿಸಿ, ಅದು ಬಿಚ್ಚಿಕೊಂಡ ತಾರೀಕು ಬರೆದಿಡಿ. ಮರದ ಬುಡದಲ್ಲಿ ಬಿಳಿ ಬಟ್ಟೆ ಹಾಸಿದರೆ ಗಂಡುಹೂ ಉದುರುವುದು ಯಾವಾಗ ನಿಂತಿತೆಂದು ಗೊತ್ತಾಗುತ್ತದೆ. ಹೆಣ್ಣುಹೂ ತೆರೆದ ತಾರೀಕನ್ನೂ ಬರೆಯಿರಿ. ಒಂದು ಹೆಣ್ಣುಹೂವನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಭೂತಗನ್ನಡಿಯಲ್ಲಿ ನೋಡಿ ಚಿತ್ರ ಬರೆಯಿರಿ. ಪಠ್ಯಪುಸ್ತಕದ ದಾಸವಾಳದ ಚಿತ್ರ ಬೇಡ. ಲೇಖನ ಎರಡು ಪುಟ ದಾಟದಿರಲಿ.