ಹಾಸನದಲ್ಲಿರೋ ನನ್ನ ಪದ್ಮಿನಿ ಕಾರಿನ ಅಡಿಯ ಹಳೇ ಡಾಂಬರ್ ಕೋಟಿಂಗ್ ಯಾವುದರಲ್ಲಿ ನೆನೆಸಿದ್ರೆ ಬಿಡುತ್ತೆ?

ಯಾವುದರಲ್ಲೂ ನೆನೆಸ್ಬೇಡಿ ಮಾರಾಯ್ರೇ. ನಮ್ಮದೂ ಪದ್ಮಿನಿನೇ, 1978ರದ್ದು, ಮೂಡಿಗೆರೆ ಹತ್ರ ತೋಟದ ಶೆಡ್ಡಲ್ಲಿ ನಿಂತಿತ್ತು. ಮಳೆಗಾಲಕ್ಕೆ ಮುಂಚೆ ಗಾಡಿ ಅಡಿಗೆ ಏನಾದ್ರೂ ಹೊಡೆಸೋದು ನಮ್ ಕಡೆ ರೂಢಿ, ಅಪ್ಪ ಹೊಡೆಸಿದ್ದೆಲ್ಲ ಪದರ ಪದರವಾಗಿ ಕೂತು ಕಲ್ಲಾಗಿತ್ತು.

ಗ್ಯಾರೇಜಲ್ಲಿ ಒಬ್ರು ಡೀಸೆಲ್ ಬಳಿದು ಬಿಡಿ, ಬೆಳಿಗ್ಗೆಗೆ ಮೆತ್ತಗಾಗುತ್ತೆ ಅಂದ್ರು, ಬಳಿದ್ವಿ. ಮೆತ್ತಗಾಯ್ತು, ಕೆರೆದಂಗೆಲ್ಲ ಬಂತು. ಆದ್ರೆ ಡೀಸೆಲ್ ಡಾಂಬರನ್ನ ಕರಗಿಸುತ್ತೆ ಅಷ್ಟೇ, ಆ ಕರಗಿದ ಕರಿ ಎಣ್ಣೆ ಎಲ್ಲಿಗೆ ಹೋಗ್ಬೇಕು? ಎರಡು ತಗಡು ಒಂದರ ಮೇಲೊಂದು ಕೂರಿಸಿ ಸ್ಪಾಟ್ ವೆಲ್ಡ್ ಮಾಡಿರ್ತಾರಲ್ಲ, ಆ ಸಂದಿಗೆ ಇಳೀತು. ಮೇಲೆ ಥಿನ್ನರಲ್ಲಿ ಒರೆಸಿದ್ರೆ ಬಟ್ಟೆ ಕ್ಲೀನಾಗೇ ಬರ್ತಿತ್ತು, ಸರಿ ಆಯ್ತು ಅಂತ ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯೋಕೆ ತಗಡಿಗೆ ಮೊದಲು ಹೊಡೆಯೋ ಪದರ) ಹೊಡೆಸಿದ್ವಿ. ಗಾಡಿ ಬಿಸಿಲಿಗೆ ನಿಂತಂಗೆಲ್ಲ ಸಂದಿಯಿಂದ ಎಣ್ಣೆ ಜಿನುಗಿ ಪ್ರೈಮರ್ ಅಂಚಿಂದ ಎದ್ದು, ಮಳೆ ಶುರುವಾದ್ಮೇಲೆ ಅದರ ಕೆಳಗೆ ನೀರು ಸೇರಿ, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಉದ್ದಕ್ಕೂ ತುಕ್ಕು. ಕತ್ತರಿಸಿ ಹೊಸ ತಗಡೇ ಹಾಕಿಸ್ಬೇಕಾಯ್ತು. ಪದ್ಮಿನಿಗೆ ಜೀಪ್ ತರ ಬೇರೆ ಚಾಸಿ ಇಲ್ಲ, ಬಾಡಿನೇ ಭಾರ ಹೊರೋದು, ಹಂಗಾಗಿ ಇದು ಬರೀ ಅಂದಚೆಂದದ ವಿಷಯ ಅಲ್ಲ.

ಇನ್ನೊಂದು, ಪೂರ್ತಿ ಯಾಕೆ ತೆಗೀಬೇಕು? ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ, ಬಿರುಕು ಬಿಟ್ಟ ಕಡೆ, ಅಂಚು ಎದ್ದ ಕಡೆ ಒಳಗೆ ನೀರು ಕೂತಿರುತ್ತೆ, ಅಲ್ಲಿ ತೆಗೀಲೇಬೇಕು. ಜಪ್ಪಯ್ಯ ಅಂದ್ರೂ ಬಿಡದೆ ಹಿಡ್ಕೊಂಡಿರೋ ಕಡೆ ಸಾಮಾನ್ಯವಾಗಿ ತಗಡು ಚೆನ್ನಾಗೇ ಇರುತ್ತೆ, ಬಿಟ್ಬಿಡಿ. ಆದ್ರೆ ಉಳಿದ ಡಾಂಬರ್ ಮೇಲೆ ಎಪಾಕ್ಸಿ ಬೇಡ, ಹಿಡಿಯಲ್ಲ.

ತೆಗೆಯೋಕೆ ಬಿಸಿ ಗಾಳಿ ಊದೋ ಹೀಟ್ ಗನ್ನು, ಪುಟ್ಟಿ ಬ್ಲೇಡು ಸಾಕು. ಮೊದಲು ಪೆಟ್ರೋಲ್ ಟ್ಯಾಂಕು, ಪೈಪು ಬಿಚ್ಚಿ ದೂರ ಇಡಿ, ಮಾಸ್ಕ್ ಹಾಕ್ಕೊಳಿ. ಮೆತ್ತಗಾಗೋವಷ್ಟೇ ಬಿಸಿ, ಹೊಗೆ ಬಂದ್ರೆ ಜಾಸ್ತಿಯಾಯ್ತು ಅಂತ. ಉಳಿದ ಕಲೆಗೆ ಮಾತ್ರ, ಗನ್ ಆಫ್ ಮಾಡಿ ತಗಡು ಪೂರ್ತಿ ಆರಿದ್ಮೇಲೆ, ಬಟ್ಟೆಗೆ ಸ್ವಲ್ಪ ಥಿನ್ನರ್. ಗ್ರೈಂಡರಿಗೆ ವೈರ್ ಬ್ರಷ್ ಹಾಕಿದ್ರೆ ಡಾಂಬರ್ ಕರಗಿ ಎಲ್ಲಾ ಕಡೆ ಮೆತ್ಕೊಳುತ್ತೆ. ಮರಳು ಜೋರಾಗಿ ಊದಿ ಕೆರೆಯೋ ಸ್ಯಾಂಡ್ ಬ್ಲಾಸ್ಟಿಂಗ್ ಅಂತ ಬಾನೆಟ್ಟು, ಬಾಗಿಲು ಕೊಡ್ಬೇಡಿ, ತೆಳು ತಗಡು ಸೊಟ್ಟಗಾಗುತ್ತೆ.

ಹಾಸನದಲ್ಲಿ ನಮ್ಮಷ್ಟು ಮಳೆ ಇಲ್ಲ ನಿಜ, ಆದ್ರೂ ಬರೀ ತಗಡಿಗೆ ತೇವದ ಗಾಳಿ ತಾಗಿದ್ರೆ ಬೇಗ ತುಕ್ಕು ಬರುತ್ತೆ, ಬಿಚ್ಚಿದ ಜಾಗಕ್ಕೆ ಅವತ್ತೇ ಪ್ರೈಮರ್ ಬೀಳ್ಬೇಕು. ಜೂನ್ ಒಳಗೆ ಮುಗಿಯಲ್ಲ ಅನ್ಸಿದ್ರೆ ಈಗ ಮುಟ್ಟಲೇಬೇಡಿ, ಜನವರಿಗೆ ಶುರು ಮಾಡಿ.