ಹಾವು ಕಡಿತಕ್ಕೆ ಕುದುರೆ ರಕ್ತದ ಹಂಗಿಲ್ಲದ ಮದ್ದು ಬರುತ್ತದೆಯೇ?

ಬರುವ ದಾರಿಯಲ್ಲಿದೆ. ಈಗಿನ ಮದ್ದಿಗಾಗಿ ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಿಂದ ಪ್ರತಿಕಾಯ (ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನು) ತೆಗೆಯುತ್ತಾರೆ. ಕುದುರೆಯ ಪ್ರೋಟೀನು ಕೆಲವರಿಗೆ ಒಗ್ಗುವುದಿಲ್ಲ. ಮೈಯೆಲ್ಲ ದದ್ದು ಏಳುತ್ತದೆ, ಕೆಲವೊಮ್ಮೆ ಉಸಿರೇ ಕಟ್ಟುತ್ತದೆ.

2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಸಂಶೋಧಕರು ಲ್ಯಾಬಿನಲ್ಲೇ ತಯಾರಿಸಿದ ಮಾನವ ಪ್ರತಿಕಾಯವೊಂದನ್ನು ಪ್ರಕಟಿಸಿದರು. ನಾಗರಹಾವಿನ ನರವಿಷ ಸ್ನಾಯುವಿನ ಗ್ರಾಹಕಕ್ಕೆ (ನರದ ಸಂದೇಶ ಹಿಡಿಯುವ ರಿಸೆಪ್ಟರ್) ಅಂಟಿಕೊಂಡು ಉಸಿರಾಟ ನಿಲ್ಲಿಸುತ್ತದೆ. ಈ ಪ್ರತಿಕಾಯ ಅದೇ ಗ್ರಾಹಕದ ವೇಷ ಹಾಕಿ, ವಿಷವನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ. ಎಂಥ ಚೆಂದದ ಉಪಾಯ ಅಲ್ವಾ! ವಿಷ ಕೊಟ್ಟು 20 ನಿಮಿಷ ಆದಮೇಲೆ ಚುಚ್ಚಿದರೂ ಇಲಿಗಳಿಗೆ ರಕ್ಷಣೆ ಸಿಕ್ಕಿತು.

ಆದರೆ ಕೊಳಕುಮಂಡಲದ ವಿಷ ಕೆಡಿಸುವುದು ರಕ್ತವನ್ನು. ಅದಕ್ಕೆ ಇದು ಆಗದು. ಸದ್ಯಕ್ಕೆ ಹಾವು ಕಡಿದರೆ ಬಿಗಿಯಾಗಿ ಕಟ್ಟುತ್ತಾ ಕೂರಬೇಡಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.