ಲೈಸೆನ್ಸ್ ಬಂತು, ಪಗಾರ ಯಾವಾಗ?

ನನ್ನ ಹತ್ತಿರ ಸಲಹೆ ಕೇಳಲು ಬಂದವರೊಬ್ಬರ ಕಥೆ ಇದು. ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಮಹಾಂತೇಶ ಅಂತ ಇಟ್ಟುಕೊಳ್ಳೋಣ. ವಯಸ್ಸು 38, ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಇಂಜಿನಿಯರ್, ಇಬ್ಬರು ಮಕ್ಕಳು. ಕೆಲಸ ಬಿಟ್ಟು ಪೈಲಟ್ ಆಗ್ತೀನಿ, ಅದಕ್ಕೆ ನೀರಾವರಿ ಹೊಲ ಮಾರ್ತೀನಿ ಅಂತ ಹಟ ಹಿಡಿದಿದ್ದರು. ಮನೆಯಲ್ಲಿ ಗಂಡ ಹೆಂಡತಿ ನಡುವೆ ಮಾತು ನಿಂತಿತ್ತು. ಹಾಗಾಗಿ ಇಬ್ಬರೂ ಬೆಳಗಾವಿಗೆ ನನ್ನ ಹತ್ತಿರ ಬಂದರು.

"ವಯಸ್ಸಾತು ಅಂತ ನೀವೂ ಹೇಳಬ್ಯಾಡ್ರಿ ಮೇಡಂ" ಅಂತಲೇ ಮಹಾಂತೇಶ ಶುರು ಮಾಡಿದರು. ನಾನು ಹೇಳಲಿಲ್ಲ. ಪಗಾರ ತಗೊಂಡು ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ 18 ತುಂಬಿರಬೇಕು ಅಷ್ಟೇ, ಏರ್‌ಲೈನ್‌ನಲ್ಲಿ 65ರ ತನಕ ಹಾರಿಸಬಹುದು. ಪಿಯುಸಿ ಸೈನ್ಸ್ ಬೇರೆ ಇದೆ. ಕಾನೂನಿನ ಲೆಕ್ಕದಲ್ಲಿ ಇವರಿಗೆ ದಾರಿ ತೆರೆದೇ ಇದೆ.

ತೊಂದರೆ ಕಂಡಿದ್ದು ಅವರು ತಂದ ನೋಟ್‌ಬುಕ್ಕಿನಲ್ಲಿ. ನೀಟಾಗಿ ಗೆರೆ ಎಳೆದು ಬರೆದಿದ್ದರು: ಫೀ 50 ಲಕ್ಷ, ಟ್ರೇನಿಂಗ್ 14 ತಿಂಗಳು, ಅದರ ಕೆಳಗಿನ ಸಾಲಿನಲ್ಲೇ ಪಗಾರ ತಿಂಗಳಿಗೆ 2 ಲಕ್ಷ. ಆ ಎರಡು ಸಾಲಿನ ನಡುವೆ ಒಂದು ಬೆರಳಿನಷ್ಟೂ ಜಾಗ ಇರಲಿಲ್ಲ.

ಹೆಂಡತಿ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು, "ಕಲೀಲಿ ರೀ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಎಷ್ಟ ವರ್ಷ ಪಗಾರ ಇಲ್ದ ಇರಬೇಕು ಅನ್ನೂದರ ಹೇಳ್ಲಿ." ಇಡೀ ಕೇಸಿನಲ್ಲಿ ಸರಿಯಾದ ಪ್ರಶ್ನೆ ಅಂದರೆ ಇದೇ. ಗಂಡ ಅದನ್ನು ವಿರೋಧ ಅಂದುಕೊಂಡು ಮುನಿಸಿಕೊಂಡಿದ್ದರು!

ಲೈಸೆನ್ಸಿಗೆ 200 ಗಂಟೆ ಹಾರಿಸಬೇಕು. ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಲ್ಲೇ ತರಬೇತಿ ವಿಮಾನಗಳು ಹಾರುವುದನ್ನು ನೋಡಿ ಆಸೆ ಹುಟ್ಟಿದೆ, ಸರಿ, ಆದರೆ ಬೆಳಗಾವಿ ಮಳೆಗಾಲ ಗೊತ್ತಲ್ವಾ, ಜುಲೈನಲ್ಲಿ ಮೋಡ ಕೆಳಗಿಳಿದು ಕೂತರೆ ಕಲಿಯುವವರ ವಿಮಾನ ನೆಲದಲ್ಲೇ, ಅದರ ಮೇಲೆ ವಿಮಾನ ರಿಪೇರಿ, ಇನ್‌ಸ್ಟ್ರಕ್ಟರ್ ಸಿಗದಿರುವುದು ಅಂತ ಸೇರಿದರೆ 14 ತಿಂಗಳು ಎಲ್ಲಿಗೆ ಹೋಗುತ್ತದೋ. ಲೈಸೆನ್ಸ್ ಬಂದ ಮೇಲೂ ದೊಡ್ಡ ವಿಮಾನಕ್ಕೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸಲು ಪ್ರತ್ಯೇಕ ತರಬೇತಿ ಮತ್ತು ಅನುಮತಿ ಬೇಕು, ಅದಕ್ಕೆ ಬೇರೆ ಲಕ್ಷಗಳು. ಆಮೇಲೆ ನೇಮಕಾತಿಗೆ ಕಾಯಬೇಕು. ಕಂಪನಿಗಳು ಹೊಸಬರಿಗೆ ತಮ್ಮದೇ ವಯಸ್ಸಿನ ಮಿತಿ ಹಾಕಬಹುದು. ಹೀಗಾಗಿ 65ಕ್ಕಿಂತ ನೇಮಕಾತಿ ಜಾಹೀರಾತಿನಲ್ಲಿರುವ ಅಂಕಿಯೇ ಇವರಿಗೆ ಮುಖ್ಯ.

ನಾನು ಹೇಳಿದ್ದು ಇಷ್ಟು. ಮೊದಲು ಮೆಡಿಕಲ್, ಅಂದರೆ ಪೈಲಟ್ ಆಗಲು ಬೇಕಾದ ಆರೋಗ್ಯ ತಪಾಸಣೆ. ಮೊದಲ ಹಂತ ಕ್ಲಾಸ್ 2, ಅದಾದ ಮೇಲೆ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1. ಬಣ್ಣ ಗುರುತಿಸುವುದರಲ್ಲಿ ಸಣ್ಣ ದೋಷ ಇದ್ದರೂ ಎಷ್ಟೋ ಜನರಿಗೆ ಗೊತ್ತೇ ಇರಲ್ಲ, ಚುಕ್ಕೆಗಳ ನಡುವಿನ ಅಂಕಿ ಓದಿ ಅಂದಾಗಲೇ ಸಿಕ್ಕಿಬೀಳುತ್ತದೆ. ಆ ಕಾಗದ ಕೈಗೆ ಬರುವ ತನಕ ಯಾವ ಫ್ಲೈಯಿಂಗ್ ಶಾಲೆಗೂ ಒಂದು ರೂಪಾಯಿ ಕೊಡಬೇಡಿ. ಲೈಸೆನ್ಸ್ ಪರೀಕ್ಷೆಯ ನ್ಯಾವಿಗೇಷನ್, ಹವಾಮಾನ, ರೆಗ್ಯುಲೇಷನ್ ಪೇಪರ್‌ಗಳಿಗೆ ಕೆಲಸದಲ್ಲಿದ್ದುಕೊಂಡೇ ಓದಬಹುದು, ಪಾಸಿಗೆ 70 ಪರ್ಸೆಂಟ್ ಬೇಕು. ಶಿಫ್ಟ್ ಮುಗಿಸಿ ಬಂದು ರಾತ್ರಿ ಪುಸ್ತಕ ಹಿಡಿಯೋಕೆ ಆಗುತ್ತಾ ಅಂತ ಅಲ್ಲೇ ಗೊತ್ತಾಗುತ್ತೆ. ಶಾಲೆಗೆ ಹೋದಾಗ ಬ್ರೋಷರ್ ನೋಡಬೇಡಿ, ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನ ಇವೆ, ಒಂದು ವಿಮಾನಕ್ಕೆ ಎಷ್ಟು ಹುಡುಗರು, ಹೋದ ಬ್ಯಾಚಿಗೆ 200 ಗಂಟೆ ಮುಗಿಸಲು ಎಷ್ಟು ದಿನ ಹಿಡಿಯಿತು ಅಂತ ಕೇಳಿ. ಫೀ ಪೂರ್ತಿ ಒಟ್ಟಿಗೆ ಕಟ್ಟಬೇಡಿ.

ಆ ನೋಟ್‌ಬುಕ್ಕಿಗೆ ಹೆಂಡತಿ ಕೈಯಿಂದಲೇ ಒಂದು ಸಾಲು ಬರೆಸಿದೆ. ಲೈಸೆನ್ಸ್ ಬಂದ ಮೇಲೆ ಕಾಯುವುದು ಎರಡು ವರ್ಷ, ಅದು ದಾಟಿದರೆ ಮತ್ತೆ ಇಂಜಿನಿಯರ್ ಕೆಲಸ. ಹೆಂಡತಿ ಒಂದು ವರ್ಷ ಅಂದರು, ಗಂಡ ಮೂರು. ನನ್ನ ಎದುರೇ ಚೌಕಾಸಿ ನಡೆದು ಎರಡಕ್ಕೆ ನಿಂತಿತು. ಎಷ್ಟೋ ದಿನದ ಮೇಲೆ ಇಬ್ಬರೂ ನೇರವಾಗಿ ಮಾತಾಡಿದ್ದು ಆಗಲೇ ಅಂತೆ.

ಸದ್ಯ ಕ್ಲಾಸ್ 2 ಆಗಿದೆ, ಕ್ಲಾಸ್ 1 ಬಾಕಿ. ಕೆಲಸ ಬಿಟ್ಟಿಲ್ಲ. ಹೊಲ ಮಾರದೆ ಬ್ಯಾಂಕ್ ಸಾಲ ತೆಗೆಯೋಣ ಅಂದರೂ ಇಷ್ಟು ದೊಡ್ಡ ಸಾಲಕ್ಕೆ ಏನಾದರೂ ಆಸ್ತಿ ಅಡ ಕೇಳ್ತಾರೆ. ಮುಂದಿನ ಸಲ ತಮ್ಮನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಅವನ ಹೆಸರೂ ಇದೆ, ಅವನಿಗೆ ಇನ್ನೂ ಯಾರೂ ವಿಷಯ ಹೇಳಿಲ್ಲ.